ಹಿಂದಿನ ಸೀಟಿನ ಹೊಗೆ

ಪೆಟ್ರೋಲು ಯಾರೋ ಕದಿಯುತ್ತಿದ್ದಾರೆ ಎಂಬ ಮಾತನ್ನು ಮೇಸ್ತ್ರಿ ಮೊದಲ ಸಲ ಆಡಿದ್ದು ಒಂದು ಸೋಮವಾರ ಬೆಳಗ್ಗೆ, ಮನೆಯವರೆಲ್ಲ ಚಹಾ ಕುಡಿಯುತ್ತಿದ್ದಾಗ. ಯಾರೋ ಎಂದದ್ದು ಬಾಯಿಮಾತಿಗೆ ಅಷ್ಟೆ. ಮನೆಯ ಹಳೇ ಕಾರಿನ ಬೀಗದಕೈ ಇದ್ದದ್ದು ಇಬ್ಬರ ಹತ್ತಿರ, ಒಂದು ಅವರದು, ಇನ್ನೊಂದು ಮಗನದು. ಮಗ ಬಾಯಿಗೆ ತಂದಿದ್ದ ಲೋಟವನ್ನು ಹಾಗೇ ಕೆಳಗಿಟ್ಟ. ಪಾತ್ರೆಗಳ ಮುಚ್ಚಳ ಒರೆಸುತ್ತಿದ್ದ ಸೊಸೆಯ ಕೈ ಒಂದು ಗಳಿಗೆ ನಿಂತು ಮತ್ತೆ ಒರೆಸತೊಡಗಿತು.

"ಮೊದಲು ಒಂದು ಟ್ಯಾಂಕು ಮೂರು ವಾರ ಬರ್ತಿತ್ತು," ಎಂದರು ಮೇಸ್ತ್ರಿ. "ಈಗ ಎರಡು ವಾರ ತುಂಬೋ ಮೊದಲೇ ಮುಳ್ಳು ಮಲಗುತ್ತೆ. ಹೋಗೋದು ಅದೇ ಕಾರ್ಖಾನೆಗೆ, ಬರೋದು ಅದೇ ರಸ್ತೇಲಿ."

"ಗಾಡಿ ಹಳೇದಾಯ್ತಲ್ಲ ಅಪ್ಪ. ಹೊಗೆನೂ ಕರ್ರಗೆ ಬರ್ತಿದೆ. ಒಂದ್ಸಲ ಯಾರಿಗಾದ್ರೂ ತೋರಿಸೋಣ."

ಯಾರಿಗಾದರೂ ಎಂಬ ಮಾತು ಮೇಸ್ತ್ರಿಗೆ ಚುಚ್ಚಿತು. ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ಕೆಲಸ ಮಾಡಿ ನಿವೃತ್ತರಾದವರು ಅವರು. ಅಲ್ಲಿ ಎಲ್ಲರೂ ಅವರನ್ನು ಮೂಗಿನ ಮೇಸ್ತ್ರಿ ಎನ್ನುತ್ತಿದ್ದರು. ಬೇರೆಯವರು ಅರ್ಧ ಎಂಜಿನ್ ಬಿಚ್ಚಿ ಹುಡುಕುವ ಕಾಯಿಲೆಯನ್ನು ಇವರು ಗಾಡಿಯ ಹಿಂದೆ ಬಗ್ಗಿ, ಸೈಲೆನ್ಸರ್ ಕೊಳವೆಯ ಬಾಯಿಗೆ ಮೂಗೊಡ್ಡಿ ಎರಡು ಉಸಿರಿಗೆ ಹೇಳಿಬಿಡುತ್ತಿದ್ದರು. ಆಯಿಲ್ ಉರಿಯುತ್ತಿದೆ, ಡೀಸೆಲು ಹೆಚ್ಚು ಹೋಗುತ್ತಿದೆ, ರೇಡಿಯೇಟರಿನ ನೀರು ಒಳಗೆ ಸೋರುತ್ತಿದೆ ಎಂದು ಅವರು ಹೇಳಿದ ಮೇಲೆ ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಊರವರೆಲ್ಲ ಮೂಗು ತೂರಿಸಿ ಬೈಸಿಕೊಂಡರೆ ಇವರು ಮೂಗು ತೂರಿಸಿ ಸಂಬಳ ತಗೋತಾರೆ ಎಂದು ಡ್ರೈವರುಗಳು ನಗುತ್ತಿದ್ದರು.

ನಿವೃತ್ತಿಯಾದ ಮೇಲೆ ಮನೆ ನಡೆದದ್ದು ಹೆಂಡತಿಯ ಕೈಯಿಂದ. ಕುರ್ಚಿ ಮೇಜು ಮಾಡುವ ಕಾರ್ಖಾನೆಯೊಂದಕ್ಕೆ ಅವಳು ಮಧ್ಯಾಹ್ನದ ಊಟ ಒಪ್ಪಿಕೊಂಡಳು. ಹನ್ನೆರಡು ಊಟದಿಂದ ಶುರುವಾದದ್ದು ನಲವತ್ತಕ್ಕೆ ಬಂದಿತ್ತು. ಅತ್ತೆ ಸೊಸೆ ಇಬ್ಬರೂ ಬೆಳಗ್ಗೆ ಐದಕ್ಕೆ ಒಲೆ ಹಚ್ಚುತ್ತಿದ್ದರು. ಹನ್ನೊಂದಕ್ಕೆ ಮಗ ಪಾತ್ರೆಗಳನ್ನು ಗಾಡಿಗೆ ಏರಿಸುತ್ತಿದ್ದ. ಊಟ ಹೆಚ್ಚಿದ ಮೇಲೆ ಬೇಳೆಗೆಂದು ಒಂದು ಎತ್ತರದ ಪಾತ್ರೆ ತಂದಿದ್ದರು. ಅದನ್ನಿಟ್ಟರೆ ಗಾಡಿಯ ಹಿಂಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಹಗ್ಗ ಹಾಕಿ ಕಟ್ಟಬೇಕಿತ್ತು. ಪಾತ್ರೆ ಹೊಯ್ದಾಡದಂತೆ ಹಿಡಿದುಕೊಳ್ಳಲು ಹೆಂಡತಿ ಹಿಂದಿನ ಸೀಟಿನಲ್ಲಿ ಪಕ್ಕಕ್ಕೆ ತಿರುಗಿ ಕೂರುತ್ತಿದ್ದಳು. ಕಾರ್ಖಾನೆಯಲ್ಲಿ ಬಡಿಸುವವಳೂ ಅವಳೇ.

ಗಾಡಿಗೆ ಇಪ್ಪತ್ತಮೂರು ವರ್ಷ. ಮೇಸ್ತ್ರಿಯ ಕೈ ಬಿಟ್ಟು ಬೇರೆ ಕೈ ಅದಕ್ಕೆ ತಾಗಿರಲಿಲ್ಲ. ಚಳಿ ಶುರುವಾದಾಗ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು, ಕೆಳಗಡೆ ಎಲ್ಲೋ ಕೊಳವೆಯೂ ಗಡಗಡ ಎನ್ನುತ್ತಿತ್ತು. ಒಂದು ದಿನ ಮೇಸ್ತ್ರಿ ಅರ್ಧ ಹೊತ್ತು ಅದರ ಕೆಳಗೆ ಮಲಗಿ, ಇನ್ನರ್ಧ ಹೊತ್ತು ಬಾನೆಟ್ಟಿನೊಳಗೆ ತಲೆ ಹಾಕಿ ಎರಡನ್ನೂ ಸರಿಮಾಡಿದರು. ಮಾರನೇ ದಿನದಿಂದ ಗಾಡಿ ಒಂದೇ ಸಲಕ್ಕೆ ಎದ್ದಿತು. ಆದರೆ ಅದೇ ಸಂಜೆ ಅವರಿಗೆ ಜ್ವರ ಬಂದು ಹದಿಮೂರು ದಿನ ಹಾಸಿಗೆ ಬಿಡಲಿಲ್ಲ. ಜ್ವರ ಇಳಿದ ಮೇಲೆ ಊಟಕ್ಕೆ ಕುಳಿತರೆ ತಟ್ಟೆಯಿಂದ ಏನೂ ಬರಲಿಲ್ಲ. ಸೋಪು, ಸೀಮೆಎಣ್ಣೆ, ಕತ್ತರಿಸಿದ ಈರುಳ್ಳಿ, ಒಂದರ ವಾಸನೆಯೂ ಇಲ್ಲ. ನಾಲ್ಕು ದಿನದಲ್ಲಿ ಬರುತ್ತದೆ ಎಂದುಕೊಂಡು ಸುಮ್ಮನಿದ್ದರು. ಬರಲಿಲ್ಲ. ಆಮೇಲೆ ಹೇಳುವುದಕ್ಕೆ ನಾಚಿಕೆಯಾಯಿತು.

ಈಗ ಮಗ ಹಾಗೆಂದದ್ದೇ ತಡ, ಅವರು ಚಹಾ ಬಿಟ್ಟು ಎದ್ದು ಬೀದಿಗೆ ಬಂದರು. ಮಗನಿಗೆ ಗಾಡಿ ಶುರು ಮಾಡಲು ಹೇಳಿ ಹಿಂದೆ ಹೋಗಿ, ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿದರು. ಹೆಂಡತಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪಕ್ಕದ ಮನೆಯ ದರ್ಜಿಯೂ ನೋಡುತ್ತಿದ್ದ. ಬಿಸಿಗಾಳಿ ಮುಖಕ್ಕೆ ಬಡಿಯಿತು, ಅಷ್ಟೆ. ಇನ್ನೊಮ್ಮೆ ಎಳೆದರು. ಏನೂ ಇಲ್ಲ. ಕೊಳವೆಯೊಳಗೆ ಬೆರಳು ತಿರುವಿದರೆ ದಪ್ಪ ಮಸಿ ಬಂತು. ಅದನ್ನು ಪ್ಯಾಂಟಿಗೆ ಒರೆಸಿಕೊಂಡು ನೆಟ್ಟಗೆ ನಿಂತರು.

"ಏನೂ ಇಲ್ಲ. ಎಂಜಿನ್ ಚೊಕ್ಕವಾಗಿದೆ," ಎಂದರು.

ಅವರು ಹೇಳಿದ ಮೇಲೆ ಆಯಿತು. ಆ ಮನೆಯಲ್ಲಿ ಗಾಡಿಯ ವಿಚಾರದಲ್ಲಿ ಅದರ ಮೇಲೆ ಅಪೀಲು ಇರಲಿಲ್ಲ. ಹೆಂಡತಿ ಮಾತ್ರ, ಹಿಂದಿನ ಸೀಟಿನಲ್ಲಿ ಕೂತರೆ ಹೊಗೆ ವಾಸನೆ ಬರುತ್ತದೆ, ತಲೆ ಸಿಡಿಯುತ್ತದೆ ಎಂದಳು.

"ನಲವತ್ತು ಜನರ ಅಡುಗೆ ಪಕ್ಕದಲ್ಲಿ ಇಟ್ಕೊಂಡು ಕೂತ್ರೆ ಮಲ್ಲಿಗೆ ವಾಸನೆ ಬರುತ್ತಾ?" ಎಂದರು ಮೇಸ್ತ್ರಿ.

ದರ್ಜಿ ನಕ್ಕ. ಹೆಂಡತಿಯೂ ನಕ್ಕು ಒಳಗೆ ಹೋದಳು.

ಆಮೇಲಿನ ವಾರಗಳಲ್ಲಿ ಅಡುಗೆಮನೆಯಲ್ಲಿ ಒಂದೊಂದೇ ಎಡವಟ್ಟು ಶುರುವಾಯಿತು. ಬೇಳೆಗೆ ಎರಡು ಸಲ ಉಪ್ಪು ಬಿತ್ತು, ಕಾರ್ಖಾನೆಯಿಂದ ದೂರು ಬಂತು. ಮೂವತ್ತು ವರ್ಷದಿಂದ ಕಣ್ಣುಮುಚ್ಚಿ ಅಳೆಯುತ್ತಿದ್ದ ಅಕ್ಕಿಯನ್ನು ಹೆಂಡತಿ ಒಂದು ಬೆಳಗ್ಗೆ ಮತ್ತೆ ಮತ್ತೆ ಅಳೆದಳು, ಕೊನೆಗೆ ಲೆಕ್ಕ ತಪ್ಪಿ ಸೊಸೆಯನ್ನೇ ಕೇಳಿದಳು. ಮಧ್ಯಾಹ್ನ ಬಂದವಳೇ ಚಾಪೆಯ ಮೇಲೆ ಬಿದ್ದುಕೊಳ್ಳುತ್ತಿದ್ದಳು. ಎಬ್ಬಿಸಿದರೆ ಕಣ್ಣು ಬಿಟ್ಟು ಸುತ್ತ ನೋಡಿ, ಇದು ಬೆಳಗ್ಗೆಯೋ ಸಂಜೆಯೋ ಎನ್ನುತ್ತಿದ್ದಳು. ಒಮ್ಮೆ ಸೊಸೆಯನ್ನು ತನ್ನ ತಂಗಿ ಎಂದುಕೊಂಡು ಸುಮಾರು ಹೊತ್ತು ಮಾತಾಡಿದಳು. ಬೀದಿಯ ಡಾಕ್ಟರು ರಕ್ತದೊತ್ತಡಕ್ಕೆ ಮಾತ್ರೆ ಕೊಟ್ಟು, ವಯಸ್ಸಾಗುತ್ತಾ ಬಂತಲ್ಲ, ಕೆಲಸ ಕಡಿಮೆ ಮಾಡಿ ಎಂದು ಕಳಿಸಿದರು. ಅವಳಿಗೆ ಆಗ ಐವತ್ತೆಂಟು.

ಸೊಸೆಗೆ ಮಾತ್ರ ಒಂದು ವಿಷಯ ಕಾಣಿಸಿತ್ತು. ಅವಳು ಅದನ್ನು ಮಾವನಿಗೆ ಹೇಳಿದಳು.

"ಮಾವ, ಭಾನುವಾರ ಅತ್ತೆ ಚೆನ್ನಾಗೇ ಇರ್ತಾರೆ. ಸೋಮವಾರ ಬೆಳಗ್ಗೆನೂ ಚೆನ್ನಾಗಿರ್ತಾರೆ. ಕಾರ್ಖಾನೆಗೆ ಹೋಗಿ ಬಂದ ಮೇಲೇ ಹೀಗಾಗೋದು."

"ದುಡಿದ ದಿನ ಸುಸ್ತಾಗುತ್ತೆ, ರಜೆ ದಿನ ಆಗಲ್ಲ. ಇದರಲ್ಲೇನಿದೆ?"

"ಸುಸ್ತು ಬೇರೆ ಮಾವ. ಇದು ಹಾಗಿಲ್ಲ. ಗಾಡೀಲೇ ಏನೋ ಇದೆ ಅನಿಸುತ್ತೆ."

"ಗಾಡಿ ನಾನು ನೋಡಿದೀನಲ್ಲ."

ಮೇಸ್ತ್ರಿಯ ಕಣ್ಣು ಆಗ ಬೇರೆ ಕಡೆ ಇತ್ತು. ಡಿಪೋದಲ್ಲಿದ್ದಾಗ ಟ್ಯಾಂಕಿಗೆ ನಳಿಕೆ ಹಾಕಿ ಡೀಸೆಲು ಎಳೆಯುವ ಡ್ರೈವರುಗಳನ್ನು ಅವರು ಎಷ್ಟೋ ಸಲ ಹಿಡಿದುಕೊಟ್ಟಿದ್ದರು. ಗಾಡಿ ಕುಡಿದರೆ ವಾಸನೆ ಹೇಳುತ್ತದೆ, ವಾಸನೆ ಇಲ್ಲದಿದ್ದರೆ ಕುಡಿಯುತ್ತಿರುವವನು ಮನುಷ್ಯ ಎಂಬುದು ಅವರ ಅನುಭವ. ಈಗಲೂ ಹಾಗೇ ಯೋಚಿಸಿದರು. ವಾಸನೆ ಇರಲಿಲ್ಲವಲ್ಲ. ಅದು ಇರಲಿಲ್ಲವೋ ತಮಗೆ ಬರಲಿಲ್ಲವೋ ಎಂಬ ಮಾತು ಮನಸ್ಸಿನ ಬಾಗಿಲಿಗೆ ಬಂದಾಗಲೆಲ್ಲ ಅದನ್ನು ಆಚೆಗೆ ತಳ್ಳಿದರು. ಮಗ ಮನೆಗೆ ಬಂದ ಕೂಡಲೇ ಮೀಟರು ನೋಡತೊಡಗಿದರು. ಕಡ್ಡಿ ಇಳಿಬಿಟ್ಟು ಟ್ಯಾಂಕು ಅಳೆದರು. ಬಂಕಿನವನನ್ನು ಮಗನ ಬೆನ್ನ ಹಿಂದೆ ವಿಚಾರಿಸಿದರು. ಮೀಟರಿನ ಪ್ರಕಾರ ಗಾಡಿ ಬೇರೆ ಕಡೆ ಓಡಿರಲಿಲ್ಲ. ಹಾಗಾದರೆ ಎಳೆದು ಮಾರುತ್ತಿದ್ದಾನೆ ಎಂದು ತೀರ್ಮಾನಿಸಿದರು.

ಒಂದು ಮಧ್ಯಾಹ್ನ ಗಾಡಿಯ ಮುಂದಿನ ಸೀಟಿನ ಕೆಳಗೆ ಅವರಿಗೆ ಒಂದು ಮಾರುದ್ದ ರಬ್ಬರ್ ನಳಿಕೆ ಸಿಕ್ಕಿತು. ಅದನ್ನು ತಂದು ಊಟ ಮಾಡುತ್ತಿದ್ದ ಮಗನ ತಟ್ಟೆಯ ಪಕ್ಕ ಹಾಕಿದರು.

"ಇದೇನು?"

"ಅದು ಕಾರ್ಖಾನೇಲಿ ಪಾತ್ರೆ ತೊಳೆಯೋಕೆ ನಲ್ಲಿಗೆ ಹಾಕೋದು. ಅಮ್ಮನ್ನ ಕೇಳಿ."

ಅಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ನಳಿಕೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಎಷ್ಟು ಯೋಚಿಸಿದರೂ ನೆನಪಾಗದ ಸಂಕಟ ಅವಳ ಮುಖದಲ್ಲಿತ್ತು. "ನಂಗೆ ಗೊತ್ತಾಗ್ತಿಲ್ಲ," ಎಂದಳು.

ಮೇಸ್ತ್ರಿಗೆ ಅಷ್ಟು ಸಾಕಾಯಿತು. ಮಾತಿಗೆ ಮಾತು ಬೆಳೆಯಿತು. ಮದುವೆಯಾಗಿ ನಾಲ್ಕು ವರ್ಷವಾದರೂ ಸ್ವಂತ ಕೆಲಸವಿಲ್ಲದೆ ತಾಯಿಯ ಸೌಟಿನ ಕೆಳಗೆ ಬದುಕುವವನು ಎಂದರು. ತಾಯಿಗೆ ಮಂಪರು ಹಿಡಿದಿರುವುದೂ ಇವನಿಗೆ ಅನುಕೂಲವೇ ಆಯಿತು ಎಂದರು. ಸೊಸೆ ಅಡ್ಡ ಬಂದು, ಮಾವ ಅಷ್ಟು ದೂರ ಹೋಗಬೇಡಿ ಎಂದಳು. ಮಗ ಎದ್ದು ಕೈ ತೊಳೆದುಕೊಂಡು ಬಂದು ಎದುರಿಗೆ ನಿಂತ.

"ಸುತ್ತಿ ಬಳಸಿ ಬೇಡ ಅಪ್ಪ. ನಾನು ಕದ್ದೆ ಅಂತ ನೇರವಾಗಿ ಹೇಳಿ."

"ಕದ್ದೆ."

ಮಗ ಜೇಬಿನಿಂದ ಬೀಗದಕೈ ತೆಗೆದು ನಳಿಕೆಯ ಪಕ್ಕದಲ್ಲಿಟ್ಟ. ಮೂರನೇ ದಿನ ಮಗ ಸೊಸೆ ಎರಡು ಬೀದಿ ಆಚೆ ಒಂದು ಕೋಣೆ ಹಿಡಿದು ಹೋದರು. ಮಗ ಗೋದಾಮೊಂದರಲ್ಲಿ ಮೂಟೆ ಎಣಿಸುವ ಕೆಲಸಕ್ಕೆ ಸೇರಿಕೊಂಡ. ಸೊಸೆ ಮಾತ್ರ ಅತ್ತೆಯ ಕೈ ಬಿಡಲಿಲ್ಲ. ದಿನಾ ಬೆಳಗ್ಗೆ ಐದಕ್ಕೆ ಬಂದು, ಅಡುಗೆ ಮುಗಿಸಿ, ಮಾವನ ಜೊತೆ ಬೇಕಾದಷ್ಟೇ ಮಾತಾಡಿ, ಹನ್ನೊಂದಕ್ಕೆ ಹೊರಟುಹೋಗುತ್ತಿದ್ದಳು.

ಗಾಡಿಯನ್ನು ಮೇಸ್ತ್ರಿಯೇ ಓಡಿಸತೊಡಗಿದರು. ಮೊದಲ ದಿನ ಟ್ಯಾಂಕು ತುಂಬಿಸಿ, ಇನ್ನು ನೋಡೋಣ ಎಂದುಕೊಂಡರು. ನೋಡುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ನಾಲ್ಕನೇ ದಿನ ಕಾರ್ಖಾನೆಯಿಂದ ಮನೆಗೆ ಬಂದು ಎಂಜಿನ್ ನಿಲ್ಲಿಸುವಾಗ ಮುಳ್ಳಿನ ಮೇಲೆ ಕಣ್ಣು ಬಿತ್ತು. ಮೂರರಲ್ಲಿ ಒಂದು ಪಾಲು ಖಾಲಿ. ಎಂಬತ್ತು ಕಿಲೋಮೀಟರಿಗೆ ಅಷ್ಟು. ಬೀಗದಕೈ ನಾಲ್ಕು ದಿನವೂ ತಮ್ಮ ಜೇಬಿನಲ್ಲೇ ಇತ್ತು, ಗಾಡಿ ತಮ್ಮ ಕಿಟಕಿಯ ಕೆಳಗೇ ನಿಂತಿತ್ತು.

ಅವರು ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಎಷ್ಟೋ ಹೊತ್ತು ಹಾಗೇ ಕುಳಿತರು. ಹಿಂದಿನ ಸೀಟಿನಿಂದ ಹೆಂಡತಿ, ಇಳಿಯೋದಿಲ್ವಾ ಎಂದು ಮೆಲ್ಲಗೆ ಕೇಳಿದಳು.

ಆ ಸಂಜೆಯೇ ಎರಡು ಬೀದಿ ದಾಟಿ ಹೋಗಬಹುದಿತ್ತು. ಚಪ್ಪಲಿ ಮೆಟ್ಟಿಕೊಂಡು ಬೀದಿಯ ತುದಿಯವರೆಗೆ ಹೋದರು ಕೂಡ. ಹೋಗಿ ಏನು ಹೇಳುವುದು? ಮಗನೆದುರು ನಿಂತು, ನಾನು ತಪ್ಪಿದೆ ಎಂದು ಹೇಳಿದರೆ ಮುಂದಿನ ಪ್ರಶ್ನೆ ಎಂಜಿನ್ನಿನದು. ಎಂಜಿನ್ ಚೊಕ್ಕವಾಗಿದೆ ಎಂದವರು ಯಾರು, ಹೇಗೆ ಹೇಳಿದಿರಿ ಎಂಬ ಪ್ರಶ್ನೆ. ಅದಕ್ಕಿಂತ ಮೊದಲು ಗಾಡಿಯನ್ನು ಸದ್ದಿಲ್ಲದೆ ಸರಿಮಾಡಿಸಿ, ಆಮೇಲೆ ಹೇಗಾದರೂ ಮಗನನ್ನು ಕರೆತರೋಣ ಎಂದುಕೊಂಡು ವಾಪಸು ಬಂದರು. ಡಿಪೋದಲ್ಲಿ ಅವರ ಕೈಕೆಳಗೆ ಕಲಿತವನೊಬ್ಬ ಈಗ ಸ್ವಂತ ಗ್ಯಾರೇಜು ಇಟ್ಟಿದ್ದ. ಎಲ್ಲರೂ ಅವನನ್ನು ಸ್ಪ್ಯಾನರ್ ಎಂದೇ ಕರೆಯುತ್ತಿದ್ದರು. ಅವನ ಹತ್ತಿರ ಭಾನುವಾರ ಒಯ್ದರಾಯಿತು ಎಂದುಕೊಂಡರು. ಭಾನುವಾರ ಗ್ಯಾರೇಜು ಮುಚ್ಚಿತ್ತು. ವಾರದ ನಡುವೆ ಒಯ್ದರೆ ಊಟ ನಿಲ್ಲುತ್ತದೆ ಎಂಬ ನೆವ ಸಿಕ್ಕಿತು. ಪೆಟ್ರೋಲು ಮುಗಿದಾಗ ತಮ್ಮ ಪಿಂಚಣಿಯಿಂದ ಹಾಕಿಸಿ ಯಾರಿಗೂ ಹೇಳಲಿಲ್ಲ. ಸೊಸೆ ಬೆಳಗ್ಗೆ ಬಂದಾಗ ಅವಳ ಮುಖ ನೋಡದೆ ಪೇಪರು ಅಡ್ಡ ಹಿಡಿದರು. ಹೀಗೆ ಒಂಬತ್ತು ದಿನ ಹೋಯಿತು.

ಒಂಬತ್ತನೇ ದಿನ ಬೆಳಗ್ಗೆಯಿಂದ ಕೊರೆಯುವ ಗಾಳಿ ಬೀಸುತ್ತಿತ್ತು. ಕಿವಿಗೆ ಗಾಳಿ ಹೊಡೆಯುತ್ತದೆ, ಗಾಜು ಏರಿಸಿ ಎಂದಳು ಹೆಂಡತಿ. ಮೇಸ್ತ್ರಿ ನಾಲ್ಕೂ ಗಾಜು ಏರಿಸಿದರು. ಅರ್ಧ ದಾರಿಯಲ್ಲಿ ರಸ್ತೆ ಅಗೆದು ನೀರಿನ ಕೊಳವೆ ಹಾಕುತ್ತಿದ್ದರು. ಗಾಡಿಗಳು ಒಂದರ ಹಿಂದೆ ಒಂದು ನಿಂತು, ಆಗಾಗ ಒಂದು ಮಾರು ಮುಂದಕ್ಕೆ ತೆವಳುತ್ತಿದ್ದವು. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಮೇಸ್ತ್ರಿಗೂ ಹಣೆಯಲ್ಲಿ ನೋವು ಕಾಣಿಸಿಕೊಂಡಿತು. ನಿದ್ದೆ ಸರಿಯಾಗಿಲ್ಲದ್ದಕ್ಕೆ ಎಂದುಕೊಂಡರು.

ಹಾಗೆ ನಿಂತಿದ್ದಾಗ, ಹೆಂಡತಿಗಾದರೂ ಹೇಳಿಬಿಡೋಣ ಎನಿಸಿತು. ಕನ್ನಡಿಯಲ್ಲಿ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಮುಂದಿನ ಲಾರಿಯ ಹಿಂಬದಿ ನೋಡುತ್ತಾ ಶುರುಮಾಡಿದರು.

"ಅವನು ಪೆಟ್ರೋಲು ತೆಗೀಲಿಲ್ಲ ಕಣೇ. ಗಾಡೀದೇ ಏನೋ ದೋಷ. ನಂಗೆ ಗೊತ್ತಾಗಿ ಸುಮಾರು ದಿನ ಆಯ್ತು."

ಹಿಂದಿನಿಂದ ಉತ್ತರ ಬರಲಿಲ್ಲ. ಅವರು ಮುಂದುವರಿಸಿದರು. ತಾವು ಆಡಿದ ಮಾತು ಹೆಚ್ಚಾಯಿತು ಎಂದರು. ಜ್ವರ ಬಂದ ಮೇಲೆ ಮೂಗು ಸತ್ತುಹೋಗಿದೆ, ಆ ದಿನ ಬಗ್ಗಿ ನೋಡಿದಾಗ ತಮಗೆ ಏನೂ ಗೊತ್ತಾಗಿರಲಿಲ್ಲ, ಗೊತ್ತಾದವನಂತೆ ಹೇಳಿಬಿಟ್ಟೆ ಎಂದರು. ಯಾರಿಗೂ ಹೇಳದಿದ್ದದ್ದನ್ನೆಲ್ಲ ಅವಳಿಗೆ ಹೇಳಿದರು. ನಾಳೆಯೇ ಮಗನ ಹತ್ತಿರ ಹೋಗಿ ಕರೆದುಕೊಂಡು ಬರುತ್ತೇನೆ ಎಂದರು.

"ಕೇಳಿಸ್ತಾ?"

ಅವಳು ಮಾತಾಡಲಿಲ್ಲ. ಸಿಟ್ಟು ಬಂದಿದೆ ಎಂದುಕೊಂಡರು. ಬರಲಿ, ನ್ಯಾಯವಾದದ್ದೇ. ಸಾಲು ಕರಗಿತು, ರಸ್ತೆ ಬಿಟ್ಟಿತು. ಆ ಮೌನವನ್ನು ಬೆನ್ನಿಗೆ ಹೊತ್ತುಕೊಂಡೇ ಅವರು ಉಳಿದ ಐದು ಕಿಲೋಮೀಟರು ಗಾಡಿ ಓಡಿಸಿದರು.

ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ಎಂದಿನಂತೆ ಪಾತ್ರೆ ಇಳಿಸಲು ಹಿಂಬಾಗಿಲ ಹಗ್ಗ ಬಿಚ್ಚಿದ. ಬಿಚ್ಚಿದವನೇ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಬೇಳೆಯ ಪಾತ್ರೆ ವಾಲಿಕೊಂಡು ಅರ್ಧ ಚೆಲ್ಲಿತ್ತು. ಅದನ್ನು ಅಪ್ಪಿಕೊಂಡ ಹಾಗೇ ಹೆಂಡತಿ ಮುಂದಕ್ಕೆ ಕುಸಿದಿದ್ದಳು. ಬಿಸಿ ಬೇಳೆ ತೊಡೆಯ ಮೇಲೆಲ್ಲ ಹರಿದಿದ್ದರೂ ಅವಳಿಗೆ ಎಚ್ಚರವಾಗಿರಲಿಲ್ಲ.

ಕಾವಲಿನವನು ಅವಳನ್ನು ಎಳೆದು ಬಯಲಿನಲ್ಲಿ ಮಲಗಿಸಿದ. ಮೇಸ್ತ್ರಿ ಮತ್ತೆ ತಮ್ಮ ಗಾಡಿಗೇ ಹಾಕಿ ಆಸ್ಪತ್ರೆಗೆ ಒಯ್ಯಲು ಹೊರಟಿದ್ದರು. ಅವನು ಅವರ ರಟ್ಟೆ ಹಿಡಿದು ನಿಲ್ಲಿಸಿ, ಆ ಗಾಡಿ ಬೇಡ ಎಂದು ಕಾರ್ಖಾನೆಯ ವ್ಯಾನು ಕರೆಸಿದ.

ಆಸ್ಪತ್ರೆಯಲ್ಲಿ ಅವಳ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿದರು. ಸೊಸೆ ಓಡಿಬಂದಿದ್ದಳು. ಕರ್ತವ್ಯದಲ್ಲಿದ್ದ ಡಾಕ್ಟರು ವಯಸ್ಸಿನಲ್ಲಿ ಸೊಸೆಗಿಂತ ಚಿಕ್ಕವಳಿರಬೇಕು. ಎಷ್ಟು ದಿನದಿಂದ ತಲೆನೋವು, ಮರೆವು ಯಾವಾಗ ಶುರುವಾಯಿತು, ರಜೆ ದಿನ ಹೇಗಿರುತ್ತಾರೆ ಎಂದು ಒಂದೊಂದೇ ಕೇಳಿ ಬರೆದುಕೊಂಡಳು. ಎಲ್ಲದಕ್ಕೂ ಸೊಸೆಯೇ ಉತ್ತರ ಕೊಟ್ಟಳು. ಆಮೇಲೆ ಡಾಕ್ಟರು ಮೇಸ್ತ್ರಿಯ ಕಡೆ ತಿರುಗಿದಳು.

"ಗಾಡಿ ಒಳಗೆ ಹೊಗೆ ವಾಸನೆ ಬರ್ತಿತ್ತಾ?"

"ನಂಗೆ ವಾಸನೆ ಬರಲ್ಲ," ಎಂದರು ಮೇಸ್ತ್ರಿ.

"ಅಂದ್ರೆ ಹೊಗೆ ಇರಲಿಲ್ವಾ?"

"ಇತ್ತು ಅಂತ ಅವಳು ಹೇಳ್ತಿದ್ಲು. ನಂಗೆ ಯಾವ ವಾಸನೆನೂ ಗೊತ್ತಾಗಲ್ಲ. ಜ್ವರ ಬಂದಾಗಿನಿಂದ."

ಸೊಸೆ ಮಾವನ ಮುಖವನ್ನೇ ನೋಡಿದಳು. ಅವಳು ಏನಾದರೂ ಅಂದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ಅವಳು ಅತ್ತೆಯ ಕಾಲಿನ ಸುಟ್ಟ ಜಾಗಕ್ಕೆ ಮುಲಾಮು ತರಲು ಹೋದಳು.

ಸ್ಪ್ಯಾನರ್ ಮಾರನೇ ದಿನ ಗಾಡಿಯನ್ನು ಕಟ್ಟಿ ಎಳೆದುಕೊಂಡು ಹೋಗಿ ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿದ್ದ. ಅದರ ಮರುದಿನ ಮೇಸ್ತ್ರಿ ಹೋದಾಗ ಕೂರಲು ಕುರ್ಚಿ ಹಾಕಿದ. ಅವರು ಕೂರಲಿಲ್ಲ. ಅವನು ಮೊದಲು ಬಾನೆಟ್ ಎತ್ತಿ ತೋರಿಸಿದ. ತಣ್ಣಗಿರುವ ಎಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲು ಹೆಚ್ಚು ಕೊಡುವ ಚೋಕ್, ಎಂಜಿನ್ ಬಿಸಿಯಾದ ಮೇಲೆ ತೆರೆದುಕೊಳ್ಳಬೇಕಾದದ್ದು, ಅರ್ಧ ಮುಚ್ಚಿದ ಹಾಗೇ ಒಂದು ಸಣ್ಣ ತಂತಿಯಿಂದ ಬಿಗಿದಿತ್ತು. ಆಮೇಲೆ ಇಬ್ಬರೂ ಗುಂಡಿಗೆ ಇಳಿದರು. ಹಿಂದಿನ ಸೀಟಿನ ನೇರ ಕೆಳಗೆ ಹೊಗೆ ಕೊಳವೆಗೆ ಬಣ್ಣದ ಡಬ್ಬಿಯ ತಗಡು ಸುತ್ತಿ ತಂತಿ ಬಿಗಿದಿದ್ದರು. ತಗಡು ಸುಟ್ಟು ಬಾಯಿ ಬಿಟ್ಟಿತ್ತು. ಅದರ ಮೇಲೆ ಗಾಡಿಯ ತಳದ ತಗಡು ತುಕ್ಕು ಹಿಡಿದು ಬೆರಳು ತೂರುವಷ್ಟು ತೂತಾಗಿತ್ತು.

"ಚೋಕ್ ಹೀಗಿದ್ರೆ ಅರ್ಧಂಬರ್ಧ ಉರಿದ ಹೊಗೆ, ಅದೇ ವಿಷ," ಎಂದ ಸ್ಪ್ಯಾನರ್. "ಹಿಂಬಾಗಿಲು ತೆಗೆದಿಟ್ಟು ಓಡಿಸಿದ್ರೆ ಗಾಳಿ ಅದನ್ನ ಒಳಗೇ ಎಳ್ಕೊಳ್ಳುತ್ತೆ. ಕೂತಿದ್ದೋರು ಇಷ್ಟು ದಿನ ತಡ್ಕೊಂಡಿದ್ದೇ ದೊಡ್ಡದು."

"ಯಾರು ಮಾಡಿದ ಕೆಲಸ ಅಂತ ಕೇಳಲ್ವಾ?"

ಸ್ಪ್ಯಾನರ್ ಕೈಯಲ್ಲಿದ್ದ ಬಟ್ಟೆಗೆ ಸುಮ್ಮನೆ ಕೈ ಒರೆಸುತ್ತಾ ನಿಂತ. "ನೋಡಿದ ತಕ್ಷಣ ಗೊತ್ತಾಯ್ತು ಮೇಸ್ತ್ರಿ. ತಂತಿ ಹೀಗೆ ಸುತ್ತೋದನ್ನ ನೀವೇ ನಂಗೆ ಕಲಿಸಿದ್ದು."

ಎರಡೂ ನಾಲ್ಕು ದಿನದ ಮಟ್ಟಿಗೆ ಎಂದು ಮಾಡಿದ ಕೆಲಸ. ಚಳಿ ಕಳೆದ ಮೇಲೆ ಚೋಕ್ ಬಿಚ್ಚಬೇಕು, ಹೊಸ ಕೊಳವೆ ಹಾಕಬೇಕು ಎಂದುಕೊಂಡೇ ಮಾಡಿದ್ದರು. ಅಷ್ಟರಲ್ಲಿ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಗಾಡಿ ಒಂದೇ ಸಲಕ್ಕೆ ಏಳುತ್ತಿತ್ತಲ್ಲ, ಅದರ ನೆನಪೇ ಆಗಲಿಲ್ಲ. ಅದನ್ನು ಸ್ಪ್ಯಾನರಿಗೆ ಹೇಳಬೇಕೆಂದು ಬಾಯಿ ತೆರೆದವರು ಹೇಳದೆ ಗುಂಡಿಯಿಂದ ಹತ್ತಿ ಬಂದರು. ಪೆಟ್ರೋಲಿನ ವಿಚಾರ ಅವರು ಕೇಳುವ ಮೊದಲೇ ಅವನು ಹೇಳಿದ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸುಮ್ಮನೆ ಮಸಿಯಾಗಿ ಹೋಗಿದೆ ಎಂದ.

ಅಂದು ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ಮಗ ಒಬ್ಬನೇ ಕುಳಿತಿದ್ದ. ಗೋದಾಮಿನಿಂದ ನೇರವಾಗಿ ಬಂದಿದ್ದ, ಅಂಗಿಯ ತುಂಬ ಹಿಟ್ಟಿನ ಧೂಳು. ಮೇಸ್ತ್ರಿ ಪಕ್ಕದಲ್ಲಿ ಕುಳಿತರು. ಚೋಕಿನ ತಂತಿ, ತಗಡು, ಮೂಗು, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಮಗ ನೆಲ ನೋಡುತ್ತಾ ಕೇಳಿದ. ಅವರು ಮುಗಿಸಿದ ಮೇಲೆ ತಲೆ ಎತ್ತಿದ.

"ಪೆಟ್ರೋಲು ನಾನು ತೆಗೀಲಿಲ್ಲ ಅಂತ ನಿಮಗೆ ಗೊತ್ತಾಗಿದ್ದು ಇವತ್ತಾ?"

ಹೌದು ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸ್ಪ್ಯಾನರ್ ಹೇಳಿದ್ದು ಇವತ್ತೇ.

"ಅಲ್ಲ. ನಾನೇ ಓಡಿಸಿದ ನಾಲ್ಕನೇ ದಿನ ಗೊತ್ತಾಯ್ತು."

"ಆಮೇಲೆ ಎಷ್ಟು ದಿನ ಅಮ್ಮನ್ನ ಅದರಲ್ಲಿ ಕೂರಿಸಿದ್ರಿ?"

"ಒಂಬತ್ತು."

ಮಗ ಎದ್ದು ಹೋಗಿ ಮೂರು ಬೆಂಚಿನ ಆಚೆ, ಬೇರೆ ರೋಗಿಯ ಕಡೆಯವರ ನಡುವೆ ಜಾಗ ಮಾಡಿಕೊಂಡು ಕುಳಿತ.

ಹೆಂಡತಿ ಹತ್ತೊಂಬತ್ತು ದಿನದ ಮೇಲೆ ಮನೆಗೆ ಬಂದಳು. ನಡೆಯುತ್ತಾಳೆ, ತಾನೇ ಉಣ್ಣುತ್ತಾಳೆ. ಬಲಗೈ ನಡುಗುತ್ತದೆ. ಹಳೆಯದೆಲ್ಲ ನೆನಪಿದೆ, ಹೊಸದು ನಿಲ್ಲುವುದಿಲ್ಲ. ಸ್ವಲ್ಪ ಸ್ವಲ್ಪ ಸುಧಾರಿಸಬಹುದು, ಪೂರ್ತಿ ಮೊದಲಿನಂತೆ ಎಂದು ಮಾತು ಕೊಡಲಾರೆ ಎಂದಳು ಆ ಡಾಕ್ಟರು. ಅವಳನ್ನು ನೋಡಿಕೊಳ್ಳಲೆಂದು ಮಗ ಸೊಸೆ ಕೋಣೆ ಬಿಟ್ಟು ಮನೆಗೆ ಮರಳಿದರು. ಕಾರ್ಖಾನೆಯವರು ಊಟ ಬೇರೆಯವರಿಗೆ ಕೊಟ್ಟರು. ಸೊಸೆ ಹತ್ತಿರದ ಅಂಗಡಿಗಳವರಿಗೆ ಹದಿನೈದು ಊಟ ಮಾಡುತ್ತಾಳೆ. ಮಗ ಕೆಲಸಕ್ಕೆ ಹೋಗುವಾಗ ಅವುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಾನೆ. ಗಾಡಿಯನ್ನು ಸ್ಪ್ಯಾನರ್ ಗುಜರಿಗೆ ಹಾಕಿದ. ಮೇಸ್ತ್ರಿ ತರಕಾರಿ ಹೆಚ್ಚುತ್ತಾರೆ, ಪಾತ್ರೆ ಬೆಳಗುತ್ತಾರೆ, ಹೆಂಡತಿಯ ಕೈಗೆ ದಿನಕ್ಕೆರಡು ಸಲ ವ್ಯಾಯಾಮ ಮಾಡಿಸುತ್ತಾರೆ. ಮಗ ಅವರ ಎದುರೇ ಉಣ್ಣುತ್ತಾನೆ, ಅವರೊಂದಿಗೆ ಮಾತಾಡುವುದಿಲ್ಲ.

ಮಾತಿಲ್ಲದಿರುವುದು ಹೆಂಡತಿಯ ಕಣ್ಣಿಗೆ ಬೀಳುತ್ತದೆ. ಎರಡು ದಿನಕ್ಕೋ ಮೂರು ದಿನಕ್ಕೋ ಒಮ್ಮೆ, ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿರುವಾಗ, ಅವಳು ಕೇಳುತ್ತಾಳೆ.

"ರೀ, ಇವನು ಯಾಕೆ ನಿಮ್ಮ ಹತ್ರ ಮಾತಾಡಲ್ಲ?"

ಮೊದಲ ಸಲ ಅವರು ಎಲ್ಲವನ್ನೂ ಹೇಳಿದಾಗ ಅವಳು ಅತ್ತಳು. ಎರಡನೇ ಸಲವೂ ಅಷ್ಟೇ ಅತ್ತಳು, ಅವಳಿಗೆ ಅದು ಮೊದಲ ಸಲವೇ. ಸೊಸೆ ಅಡುಗೆಮನೆಯಿಂದ ಬಂದು, ಮಾವ, ಏನಾದರೂ ಒಂದು ಸಣ್ಣ ಜಗಳ ಅಂತ ಹೇಳಿಬಿಡಿ, ಅವರಿಗೆ ಹೇಗಿದ್ದರೂ ನೆನಪಿರುವುದಿಲ್ಲ, ಯಾಕೆ ಅವರನ್ನೂ ನೋಯಿಸಿ ನೀವೂ ನೋಯುತ್ತೀರಿ ಎಂದಳು. ಆ ಮಾತಿನಲ್ಲಿ ಕರುಣೆಯೇ ಇತ್ತು. ಮೇಸ್ತ್ರಿ ತಲೆಯಾಡಿಸಿದರು. ಮುಂದಿನ ಸಲ ಅವಳು ಕೇಳಿದಾಗ ಮತ್ತೆ ತಂತಿಯಿಂದಲೇ ಶುರುಮಾಡಿದರು.

"ಅಯ್ಯೋ, ಅವನು ಕದಿಯೋನಲ್ಲ ರೀ," ಎನ್ನುತ್ತಾಳೆ ಅವಳು.

"ಗೊತ್ತು."

"ಅವನಿಗೆ ಹೇಳಿದ್ರಾ?"

"ಹೇಳಿದೆ."

"ತಕ್ಷಣ ಹೇಳಿದ್ರಿ ತಾನೇ?"

ಇಲ್ಲ, ಗೊತ್ತಿದ್ದೂ ಒಂಬತ್ತು ದಿನ ಮುಚ್ಚಿಟ್ಟೆ ಎಂದು ಅವರು ಪ್ರತಿ ಸಲವೂ ಹೇಳುತ್ತಾರೆ. ಅವಳು ನಡುಗುವ ಕೈಯನ್ನು ಅವರ ಕೈಯಿಂದ ಬಿಡಿಸಿಕೊಂಡು ತನ್ನ ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಮೇಸ್ತ್ರಿ ಕಾಯುತ್ತಾರೆ. ಇನ್ನೂ ಮೂರು ಬೆರಳು ಬಾಕಿ ಇರುತ್ತದೆ.